ಎರಡೂ ಕಡೆ ಕೀಲಿ

ಸ್ಯಾಮ್ಯುಯೆಲ ಮಾಸ್ತರರು ಎರಡನೇ ಸಲ ಮನೆ ಬಿಟ್ಟು ಹೋಗಿ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ದಿನ, ಬಾಗಿಲಿಗೆ ಬೇರೆ ಕೀಲಿ ಹಾಕಿಸುವ ಮಾತು ಶುರುವಾಯಿತು. ಮಾಸ್ತರರೇನು ಹುಚ್ಚುಹುಚ್ಚಾಗಿ ಓಡಿಹೋದವರಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ, ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡೇ ಹೊರಟಿದ್ದರು. ಹೋಗಬೇಕಾದದ್ದು ಔರಾದ ಕಡೆಗೆ, ಹತ್ತಿದ್ದು ಭಾಲ್ಕಿಯ ಬಸ್ಸು, ತಪ್ಪಿದ್ದು ಅಷ್ಟೇ. ಔರಾದ ತಾಲೂಕಿನ ಡಾಬಕಾದಲ್ಲಿ ಅವರು ಮಾಸ್ತರಿಕೆ ಮಾಡಿದ್ದು ಮಗ ಜೇಮ್ಸ ಹುಟ್ಟುವ ಮೊದಲು. ಈಗ ಜೇಮ್ಸನ ಮಗಳೇ ಪಿಯುಸಿ ಓದುತ್ತಾಳೆ. ನಡುವಿನ ವರ್ಷಗಳೆಲ್ಲ ಮಾಸ್ತರರ ತಲೆಯಿಂದ ಉದುರಿಹೋಗಿ, ಡಾಬಕಾದ ಶಾಲೆ ಒಂದೇ ಉಳಿದಿತ್ತು. ಅಲ್ಲಿ ಗಂಟೆ ಹೊಡೆಯುವ ಹೊತ್ತು ಮೀರುತ್ತಿದೆ ಎಂಬ ಚಿಂತೆ ಅವರಿಗೆ ದಿನಾ ಬೆಳಿಗ್ಗೆ ಹುಟ್ಟುತ್ತಿತ್ತು.

ಅಂದು ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ನೌಬಾದ ಬಡಾವಣೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮನೆ ಜೇಮ್ಸನ ಹೆಸರಲ್ಲಿತ್ತು, ಅಡಿಗೆಮನೆ ಅವನ ತಾಯಿ ಮಾರ್ಗರೆಟಮ್ಮನ ಕೈಯಲ್ಲಿತ್ತು. ಸೊಸೆ ಶರೋನ ದವಾಖಾನೆಯಲ್ಲಿ ನರ್ಸು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ ಎಂದು ಓಡಾಡುವವಳಿಗೆ ಒಲೆಯ ಮುಂದೆ ನಿಲ್ಲಲು ಪುರುಸೊತ್ತಿರಲಿಲ್ಲ.

"ಅವ್ವಾ, ನಾ ಬ್ಯಾಂಕಿನ್ಯಾಗ ಕುಂತು ಕೆಲಸಾ ಮಾಡ್ಲೋ, ಇವರನ್ನ ಹುಡುಕಕೋತ ತಿರಗ್ಲೋ?" ಜೇಮ್ಸ ತುತ್ತು ನುಂಗದೆಯೇ ಕೇಳಿದ.

"ನನಗ ಕೇಳಿದ್ರ? ನಾ ಬಚ್ಚಲದಾಗ ಇದ್ದೆ."

"ಅದಕ್ಕೇ ಹೇಳ್ಲಕತ್ತೀನಿ. ಒಬ್ಬಾಕಿ ಎಷ್ಟಂತ ಕಾಯ್ತಿ?"

"ನಂಬರ್ ಒತ್ತಿ ತೆಗಿಯೂ ಕೀಲಿ ಬಂದಾವ್ರಿ ಅತ್ತಿ," ಎಂದಳು ಶರೋನ. "ನಮ್ಮ ದವಾಖಾನ್ಯಾಗ ಔಷಧ ಇಡೂ ಖೋಲಿಗಿ ಹಾಕ್ಯಾರ. ನಂಬರ್ ಗೊತ್ತಿಲ್ದವರು ಏನ್ ಮಾಡಿದ್ರೂ ತೆಗಿಲಾಕ ಬರಂಗಿಲ್ಲ."

"ಅದು ಔಷಧಕ್ಕ," ಎಂದಳು ಮಾರ್ಗರೆಟಮ್ಮ.

ಮಾಸ್ತರರು ರೊಟ್ಟಿಯನ್ನು ಸಣ್ಣಸಣ್ಣ ಚೂರು ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ತಮ್ಮ ಬಗ್ಗೆ ಮಾತು ನಡೆದಿದೆ ಎಂಬ ಸುಳಿವೇ ಅವರಿಗಿರಲಿಲ್ಲ. ಗಂಡ ಮೊದಲ ಸಲ ಕಾಣೆಯಾದಾಗ ಮಾರ್ಗರೆಟಮ್ಮ ಬೀದಿಯಲ್ಲಿ ನಿಂತು ಅತ್ತಿದ್ದಳು. ಈ ಸಲ ಒಲೆಯ ಮೇಲಿನ ಬೇಳೆ ಇಳಿಸಿಟ್ಟು, ಸೆರಗು ಸರಿಮಾಡಿಕೊಂಡು, ಆಮೇಲೆ ಹುಡುಕಲು ಇಳಿದಿದ್ದಳು. ಅದು ಕಲ್ಲುಮನಸ್ಸೋ ದಣಿವೋ ಅವಳಿಗೇ ತಿಳಿಯಲಿಲ್ಲ. ತಿಳಿದುಕೊಳ್ಳುವ ಉಮೇದೂ ಇರಲಿಲ್ಲ.

ಶನಿವಾರ ಜೇಮ್ಸ ತಾಯಿಯನ್ನೂ ಕರೆದುಕೊಂಡು ಚೌಬಾರಾ ಗೋಪುರದ ಹತ್ತಿರ ಚಾಂದ ಪಾಶಾನ ಅಂಗಡಿಗೆ ಹೋದ. ಕದ, ಕೊಂಡಿ, ತಿರುಪು, ಬೀಗ ಮಾರುವ ಹಳೆಯ ಅಂಗಡಿ. ಈಗ ಮುಂದಿನ ಗಾಜಿನ ಕಪಾಟಿನಲ್ಲಿ ಹೊಸ ಕೀಲಿಗಳು ಕರ್ರಗೆ ಹೊಳೆಯುತ್ತಿದ್ದವು. ಒಂದಕ್ಕೆ ಬೆರಳು ಇಡಬೇಕು, ಒಂದಕ್ಕೆ ಕಾರ್ಡು ತೋರಿಸಬೇಕು, ಒಂದಕ್ಕೆ ಊರಾಚೆ ಕೂತು ಫೋನಿನಲ್ಲಿ ಅಪ್ಪಣೆ ಕೊಟ್ಟರೂ ಸಾಕು. ಚಾಂದ ಪಾಶಾ ಒಂದೊಂದನ್ನೂ ಕೂಸಿನಂತೆ ಎತ್ತಿ ಮೇಜಿನ ಮೇಲಿಟ್ಟ.

"ಇದು ನೋಡ್ರಿ ಸಾಬ್, ಹೊರಗಿಂದ ಬೆರಳು, ಇಲ್ಲಾ ನಂಬರು. ಒಳಗಿಂದ ಸುಮ್ಮ ಹಿಡಿಕಿ ತಿರುವಿದ್ರ ಆತು."

"ನಮಗ ಒಳಗಿಂದನೂ ನಂಬರ್ ಬೇಕ್ರಿ."

ಚಾಂದ ಪಾಶಾ ಕನ್ನಡಕ ಕೆಳಗಿಳಿಸಿದ. "ಎರಡೂ ಕಡೆದು? ಅದು ದುಕಾನಕ್ಕ, ಗೋದಾಮಿಗಿ ಒಯ್ತಾರ. ಮನಿಗಿ ಯಾರೂ ಕೇಳಂಗಿಲ್ಲ ಸಾಬ್. ಏನರ ಅನಾಹುತ ಆದ್ರ ಒಳಗಿದ್ದವರು ಹ್ಯಾಂಗ ಬರ್ಬೇಕು?"

"ನಮ್ಮ ಅವ್ವ ಯಾವಾಗ್ಲೂ ಮನ್ಯಾಗೇ ಇರ್ತಾಳ."

ಅದು ಹೊಸ ಸಂಗತಿಯಲ್ಲ. ಆದರೂ ಅಂಗಡಿಯಲ್ಲಿ, ಪರರ ಮುಂದೆ, ಕೀಲಿಯ ಗುಣಗಳ ಜೊತೆ ಸೇರಿಸಿ ಹೇಳಿದಾಗ ಮಾರ್ಗರೆಟಮ್ಮನಿಗೆ ಮೊದಲ ಸಲ ಅದು ಚುಚ್ಚಿತು. ಭಾನುವಾರದ ದೇವರ ಮಂದಿರಕ್ಕೆ ಹೋಗಿ ಎಷ್ಟು ವಾರಗಳಾದವೆಂದು ನೆನಪಿಸಿಕೊಳ್ಳಲು ಹೋಗಿ ಬಿಟ್ಟುಬಿಟ್ಟಳು.

"ಒಳಗ ಯಾರನ್ನ ಇಡೂದದ ಸಾಬ್?" ಚಾಂದ ಪಾಶಾ ಕೇಳಿದ.

ಜೇಮ್ಸ ಗೋಡೆಗೆ ತೂಗುಹಾಕಿದ ಕೊಂಡಿಗಳನ್ನು ನೋಡತೊಡಗಿದ.

"ನಮ್ಮ ಮನಿಯವರನ್ನ," ಎಂದಳು ಮಾರ್ಗರೆಟಮ್ಮ. "ಮರವು ಬಂದದ. ಹಾದಿ ಹಿಡದು ಹೋಗಿಬಿಡ್ತಾರ."

ಚಾಂದ ಪಾಶಾ ಒಳಗಿನಿಂದ ಒಂದು ಪೆಟ್ಟಿಗೆ ತರಿಸಿ ಧೂಳು ಒರೆಸಿದ. ಚಹಾ ಹೇಳಿದ. ಜೇಮ್ಸನ ಒಂದು ತಿಂಗಳ ಪಗಾರ ನುಂಗುವ ಕೀಲಿ ಅದು. ಸಾಮಾನ್ಯವಾಗಿ ತೊಗರಿಬೇಳೆಗೂ ಚೌಕಾಸಿ ಮಾಡುವ ಜೇಮ್ಸ ಅಂದು ಬಾಯಿ ಬಿಡದೆ ಹಣ ಕೊಟ್ಟ.

ಸೋಮವಾರ ಮಿಸ್ತ್ರಿ ಜುನೈದ ಬಂದು ಬಾಗಿಲಿಗೆ ತೂತು ಕೊರೆದ. ಮನೆಯೆಲ್ಲ ಸಾಗವಾನಿ ಪುಡಿ. ಮಾಸ್ತರರು ಕುರ್ಚಿ ಎಳೆದುಕೊಂಡು ಮಿಸ್ತ್ರಿಯ ಎದುರಿಗೇ ಕೂತು, ಕೆಲಸವನ್ನು ಗಮನವಿಟ್ಟು ನೋಡಿದರು.

"ನಿಮ್ಮ ಹುಡುಗ ಸಾಲಿಗಿ ಬರ್ಲಿಕತ್ತಿಲ್ಲಲ್ರಿ," ಎಂದರು.

ಜುನೈದ ಒಂದು ಕ್ಷಣ ತಬ್ಬಿಬ್ಬಾದ. ಮಾರ್ಗರೆಟಮ್ಮನ ಮುಖ ನೋಡಿ ಅರ್ಥಮಾಡಿಕೊಂಡ. "ನಾಳಿಂದ ಕಳಸ್ತೇನ್ರಿ ಸರ್."

"ತಪ್ಪಸಬ್ಯಾಡ್ರಿ ಮತ್ತ. ಶಾಣ್ಯಾ ಹುಡುಗ ಅದಾನ."

ಕೀಲಿ ಕೂತಿತು. ಮಾಸ್ತರರೊಬ್ಬರನ್ನು ಬಿಟ್ಟು ಎಲ್ಲರೂ ಸರದಿಯಲ್ಲಿ ಬೆರಳು ಕೊಟ್ಟರು. ಬೆರಳು ಒದ್ದೆಯಿದ್ದಾಗ, ಹಿಟ್ಟು ಹತ್ತಿದಾಗ ಕೆಲಸ ಮಾಡುವುದಿಲ್ಲ, ಅದಕ್ಕೆ ನಾಲ್ಕು ಅಂಕಿಯ ಒಂದು ನಂಬರೂ ಬೇಕು ಎಂದ ಜುನೈದ. ಅಲ್ಲಿ ಗದ್ದಲ ಶುರುವಾಯಿತು. ಜೇಮ್ಸ ತನ್ನ ಸ್ಕೂಟರಿನ ನಂಬರು ಹೇಳಿದ. ಶರೋನ ಮದುವೆಯ ತಾರೀಖು ಹೇಳಿದಳು. "ಮದಿವಿ ವರ್ಷ ಪಪ್ಪಾಗೇ ನೆನಪಿರಂಗಿಲ್ಲ," ಎಂದು ಮೊಮ್ಮಗಳು ಕೃಪಾ ನಕ್ಕಳು.

"ನನಗ ಅವೆಲ್ಲ ತಲ್ಯಾಗ ನಿಂದ್ರಂಗಿಲ್ಲ," ಎಂದಳು ಮಾರ್ಗರೆಟಮ್ಮ. "ದಿನಾ ಕದಾ ತೆಗಿಯಾಕಿ ನಾನು. ವಾಕ್ಯದ ನಂಬರ್ ಇಡ್ರಿ. ಅದೊಂದು ಮರೀಲಾಕ ಸಾಧ್ಯ ಇಲ್ಲ."

ವಾಕ್ಯವೆಂದರೆ ಬಾಗಿಲ ನೆತ್ತಿಯ ಮೇಲೆ ಕಟ್ಟು ಹಾಕಿಸಿ ತೂಗಿಬಿಟ್ಟದ್ದು, ಹೋಗುವಾಗಲೂ ಬರುವಾಗಲೂ ದೇವರು ಕಾಯುತ್ತಾನೆಂಬ ಬೈಬಲಿನ ಮಾತು. ಕೆಳಗೆ ಅಧ್ಯಾಯ ನೂರಾ ಇಪ್ಪತ್ತೊಂದು, ವಚನ ಎಂಟು. ಮಾಸ್ತರರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಶಾಲೆಗೋ ಸಂತೆಗೋ ಯಾರೇ ಹೊರಗೆ ಕಾಲಿಡಲಿ, ಮಾಸ್ತರರು ಚೌಕಟ್ಟಿನ ಮೇಲೆ ಕೈಯಿಟ್ಟು "ನೂರಾ ಇಪ್ಪತ್ತೊಂದು, ಎಂಟು" ಎನ್ನುವರು. ಹೊರಟವರು ವಾಕ್ಯ ಹೇಳಿಯೇ ಹೊಸ್ತಿಲು ದಾಟಬೇಕು. ಜೇಮ್ಸ ಹಾಗೆ ಹೇಳಿಯೇ ಬೆಳೆದ. ಶರೋನ ಮದುವೆಯಾಗಿ ಬಂದ ಮರುದಿನವೇ ಕಲಿತಳು. ಎಲ್ಲರಿಗೂ ಬಾಯಿಪಾಠವಿದ್ದ ಅಂಕಿ. ಎಲ್ಲರೂ ಹೂಂ ಎಂದರು. ಒಂದು, ಎರಡು, ಒಂದು, ಎಂಟು.

ಮೊದಮೊದಲು ಮಾಸ್ತರರು ಬೆಳಿಗ್ಗೆ ಎದ್ದು ಹಿಡಿಕೆ ಜಗ್ಗುತ್ತಿದ್ದರು. ಕೀಲಿಯೊಳಗಿಂದ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು. "ಆತ್ರಿ ಬಾಯಿ," ಎಂದು ವಿನಯದಿಂದ ಹೇಳಿ ಮಾಸ್ತರರು ಹಿಂದೆ ಸರಿಯುತ್ತಿದ್ದರು. ಜೇಮ್ಸ ನಿಶ್ಚಿಂತೆಯಿಂದ ಬ್ಯಾಂಕಿಗೆ ಹೋದ. ಮಾರ್ಗರೆಟಮ್ಮ ಬಾಗಿಲ ಕಡೆ ಕಿವಿ ಕೊಡದೆ ಸ್ನಾನ ಮಾಡುವಂತಾದಳು. ಅದೊಂದು ಸುಖವೇ ಸರಿ. ಆ ಸುಖ ತನಗೆ ಬೇಕಿತ್ತೆಂದು ಅವಳಿಗೆ ನಾಚಿಕೆಯೂ ಆಯಿತು.

ಎರಡನೇ ವಾರ, ಅವಳು ಬಾಲ್ಕನಿಯಲ್ಲಿ ಅರಿವೆ ಒಣಹಾಕುತ್ತಿದ್ದಾಗ ಕರೆಗಂಟೆ ಸದ್ದು ಮಾಡಿತು. ಎದುರುಮನೆಯ ಸಿದ್ದೇಶ್ವರಿ.

"ಅಕ್ಕೋರೆ, ಮಾಸ್ತರು ಒಬ್ರೇ ಲಿಫ್ಟಿನ್ಯಾಗ ಇಳದ್ರಲ್ರಿ. ಸಂಗಟ ಯಾರೂ ಇದ್ದಿಲ್ಲ. ನಾ ಕರಿಯೂದ್ರಾಗ ಕದಾ ಹಾಕ್ಕೊಂತು."

ಕೆಳಗಿಳಿದು ನೋಡಿದರೆ ರಸ್ತೆಯಲ್ಲಿ ಆಟೋಗಳು, ಹಣ್ಣಿನ ಗಾಡಿ, ಬಿಸಿಲು. ಮಾಸ್ತರರಿಲ್ಲ.

ಮಧ್ಯಾಹ್ನ ಔರಾದದಿಂದ ಫೋನು ಬಂತು. ಬಸ್ ನಿಲ್ದಾಣದ ಬಳಿ ಚಹಾದಂಗಡಿ ಇಟ್ಟ ಧಮ್ಮಪಾಲ ಎಂಬವನು ಮಾಸ್ತರರ ಹಳೆಯ ವಿದ್ಯಾರ್ಥಿಯಂತೆ. "ಸರ್ ಇಲ್ಲೇ ಕುಂತಾರ್ರಿ. ಭಜಿ ತಿಂದಾರ, ಚಹಾ ಕುಡದಾರ. ಡಾಬಕಾ ಬಸ್ ಯಾವಾಗ ಅಂತ ಕೇಳ್ಲಕತ್ಯಾರ. ನೀವು ನಿಂತ ಕಾಲಮ್ಯಾಲೆ ಬರಬ್ಯಾಡ್ರಿ, ನಾ ಬಿಡಂಗಿಲ್ಲ ಅವರಿಗಿ." ಶರೋನ ಪಾಳಿ ತಪ್ಪಿಸಿ, ಜೇಮ್ಸ ರಜೆ ಹಾಕಿ, ಇಬ್ಬರೂ ಬಾಡಿಗೆ ಕಾರಿನಲ್ಲಿ ಹೋಗಿ ಕರೆತಂದರು. ಈ ಸಲ ಬಸ್ಸು ಸರಿಯಾದದ್ದೇ ಹತ್ತಿದ್ದರು. ಮಾಸ್ತರರ ಮುಖದಲ್ಲಿ ಜಾತ್ರೆಗೆ ಹೋಗಿಬಂದ ಕಳೆ ಇತ್ತು.

ಜೇಮ್ಸ ಫೋನು ತೆಗೆದು, ಬಾಗಿಲು ಯಾವಾಗ, ಹೇಗೆ ತೆರೆಯಿತೆಂದು ಕೀಲಿ ಬರೆದಿಟ್ಟ ಲೆಕ್ಕ ನೋಡಿದ.

"ಒಳಗಿಂದ ನಂಬರ್ ಒತ್ತಿ ತೆಗದಾರ. ಮನ್ಯಾಗ ಇದ್ದಾಕಿ ನೀ ಒಬ್ಬಾಕಿ."

"ನಾ ತೆಗದಿಲ್ಲ."

"ಮತ್ತ ಯಾರು, ದೇವದೂತ ಬಂದು ತೆಗದ್ನೇನು?"

"ನಾ ಅರಿವಿ ಹಾಕ್ಲಕತ್ತಿದ್ದೆ ಅಂತ ಹೇಳ್ಲಿಲ್ಲೇನು?"

"ಅವ್ವಾ, ನಿನಗ ಕನಿಕರ ಬಂದಿದ್ರ ನನ್ನ ಎದುರಿಗಿ ಹೇಳು. ಹಿಂದಿನಿಂದ ಹಿಂಗ ಮಾಡಬ್ಯಾಡ. ನಾಳಿ ಯಾವದರ ಲಾರಿ ಕೆಳಗ ಸಿಕ್ರ ಯಾರು ಜವಾಬ್ದಾರ?"

"ಪಪ್ಪಾ, ಆಯಿ ಸುಳ್ಳ ಹೇಳಂಗಿಲ್ಲ," ಎಂದಳು ಕೃಪಾ.

"ನೀ ಓದು ಹೋಗು."

ಮಾರ್ಗರೆಟಮ್ಮ ಸಿಟ್ಟಾಗಲಿಲ್ಲ. ಸಿಟ್ಟು ಬರುವ ಕಡೆಯೂ ಮರಗಟ್ಟಿತ್ತು. ಆ ದಿನದಿಂದ ಮನೆಯಲ್ಲಿ ತಟ್ಟೆ ಲೋಟಗಳ ಸದ್ದೇ ಹೆಚ್ಚಾಯಿತು. "ಉಪ್ಪು", "ಇನ್ನೊಂದು ರೊಟ್ಟಿ", "ಸಾಕು" ಇಷ್ಟೇ ಮಾತು. ಶರೋನ ಒಮ್ಮೆ ಹೆಸರುಬೇಳೆ ತೊಳೆಯುತ್ತ, "ಅತ್ತಿ, ನೀವು ತೆಗದ್ರೂ ನಾ ಏನೂ ಅನ್ನಂಗಿಲ್ರಿ, ಖರೆ ಹೇಳ್ರಿ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ಒಳ್ಳೆಯತನ ಜೇಮ್ಸನ ಮಾತಿಗಿಂತ ಹೆಚ್ಚು ನೋಯಿಸಿತು.

ಗುಟ್ಟು ತಿಳಿದದ್ದು ಒಂದು ಬೆಳಿಗ್ಗೆ, ಎಲ್ಲರೂ ಹೊರಗೆ ಹೋದ ಮೇಲೆ. ಒಲೆಯ ಮುಂದೆ ನಿಂತಿದ್ದ ಮಾರ್ಗರೆಟಮ್ಮನಿಗೆ ಗಂಡ ಬಾಗಿಲ ಮುಂದೆ ನಿಂತದ್ದು ಕಂಡಿತು. ಮಾಸ್ತರರು ಎಡಗೈಯನ್ನು ಚೌಕಟ್ಟಿನ ಮೇಲಿಟ್ಟರು. "ನೂರಾ ಇಪ್ಪತ್ತೊಂದು, ಎಂಟು," ಎಂದರು. ಯಾರಾದರೂ ವಾಕ್ಯ ಹೇಳಲಿ ಎಂದು ಕಾದರು. ಯಾರೂ ಹೇಳದ್ದರಿಂದ ತಾವೇ ಪಿಸುಗುಟ್ಟಿದರು. ಆಮೇಲೆ ಬಲಗೈಯ ಬೆರಳಿನಿಂದ, ಕರಿಹಲಗೆಯ ಮೇಲಿನ ಅಂಕಿಗಳನ್ನು ಮಕ್ಕಳಿಗೆ ತೋರಿಸುವ ಹಾಗೆ ನಿಧಾನವಾಗಿ, ಒಂದು, ಎರಡು, ಒಂದು, ಎಂಟು. ಕೀಲಿ ಕಿರ್ರೆಂದು ತೆರೆಯಿತು.

ಅವಳು ಓಡಿಹೋಗಿ ತೋಳು ಹಿಡಿದಳು.

"ಬಾ, ಬಾ, ಹೊತ್ತಾತು," ಎಂದರು ಮಾಸ್ತರರು, ಅವಳಿಗಾಗಿಯೇ ಕಾಯುತ್ತಿದ್ದಂತೆ.

ಮಾರ್ಗರೆಟಮ್ಮನಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಮಗನ ಹೆಸರು ಮರೆತವರು, ಊಟ ಮಾಡಿದ್ದು ಮರೆತವರು, ಇದನ್ನು ಮರೆತಿಲ್ಲ. ಎಲ್ಲರೂ ಸೇರಿ, ಇಷ್ಟು ದುಡ್ಡು ಸುರಿದು, ಅವರ ಕೈಗೇ ಬಾಗಿಲು ಕೊಟ್ಟಿದ್ದರು. ಅವಳು ಬಾಗಿಲು ಮುಚ್ಚಿ, ಗಂಡನನ್ನು ಕೂರಿಸಿ, ಬಿಸಿ ಚುರುಮುರಿ ಸುಸಲಾ ಹಾಕಿಕೊಟ್ಟಳು. ಯಾರಿಗೂ ಹೇಳಬಾರದೆಂದು ಗಟ್ಟಿಮಾಡಿಕೊಂಡಳು. ಹೇಳಿದರೆ ನಂಬರು ಬದಲಾಗುತ್ತದೆ. ಹೇಳದಿದ್ದರೆ ತಾನು ಕಳ್ಳಿಯಾಗಿ ಉಳಿಯುತ್ತೇನೆ. ಉಳಿಯಲಿ, ಇವರಿಗೆ ಇದೊಂದಾದರೂ ಇರಲಿ, ತಾನು ಇನ್ನೂ ಎಚ್ಚರದಿಂದ ಕಾದರಾಯಿತು ಎಂದುಕೊಂಡಳು. ಅಂದಿನಿಂದ ಬಚ್ಚಲಿಗೆ ಹೋದಾಗ ಕದ ಅರ್ಧ ತೆರೆದಿಟ್ಟೇ ಸ್ನಾನ ಮಾಡಿದಳು.

ಆ ಗಟ್ಟಿತನ ಭಾನುವಾರದವರೆಗೆ ಬಾಳಿತು. ಅಂದು ಕೋಳಿ ಸಾರು. ಜೇಮ್ಸ ಮೂಳೆ ಚೀಪುತ್ತ, ತಾಯಿಯ ಕಡೆ ನೋಡದೆ ಶರೋನಳಿಗೆ ಹೇಳುವವನಂತೆ ಹೇಳಿದ:

"ಭಾತಂಬ್ರಾ ಊರಿಗಿ ಫೋನ್ ಮಾಡಿದ್ದೆ. ಚಿಕ್ಕವ್ವ ಬಂದು ಇರ್ತೇನಿ ಅಂದಾಳ. ಅಪ್ಪನ್ನೂ ನೋಡ್ಕೋತಾಳ, ಅವ್ವನ ಮ್ಯಾಲೂ ಒಂದು ಕಣ್ಣಿಡ್ತಾಳ."

ಚಿಕ್ಕವ್ವ ಎಂದರೆ ಮಾರ್ಗರೆಟಮ್ಮನ ಸ್ವಂತ ತಂಗಿ. ಅವಳು ಎತ್ತಿ ಆಡಿಸಿದ ತಂಗಿ ಈಗ ಅವಳನ್ನು ಕಾಯಲು ಬರುತ್ತಾಳೆ. ಸೌಟು ಹಿಡಿದ ಅವಳ ಕೈ ನಿಂತಿತು.

"ನಾ ಅಲ್ಲೋ," ಎಂದಳು. "ಅವರೇ ತೆಗೀತಾರ. ವಾಕ್ಯದ ನಂಬರ್ ಹೇಳ್ತಾರ, ಅದನ್ನೇ ಒತ್ತತಾರ. ನನ್ನ ಕಣ್ಣಾರೆ ನೋಡೀನಿ."

ಎಲ್ಲರ ಕಣ್ಣೂ ಬಾಗಿಲ ನೆತ್ತಿಗೆ ಹೋದವು. ಕೃಪಾ ಕಿಸಕ್ಕನೆ ನಕ್ಕು, ತಂದೆಯ ಮುಖ ನೋಡಿ ನಿಲ್ಲಿಸಿದಳು. ಶರೋನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ನಾಕು ಮಂದಿ ಇದ್ದೀವಿ," ಎಂದ ಜೇಮ್ಸ. "ಒಬ್ರಿಗೂ ಹೊಳೀಲಿಲ್ಲ. ನಾ ಅದನ್ನ ಹೇಳೇ ಸಾಲಿಗಿ ಹೋದಾವ." ಅವನು ತಾಯಿಯ ಕಡೆ ತಿರುಗಿದ. "ತಪ್ಪಾತವ್ವಾ. ನಿನಗ ಹಂಗ ಅನ್ನಬಾರದಿತ್ತು."

ಹಾಗೆಂದು ಮೂಗು ಒರೆಸಿಕೊಂಡು, ತಟ್ಟೆ ಎತ್ತುವ ಮೊದಲೇ ಫೋನಿನಲ್ಲಿ ನಂಬರು ಬದಲಾಯಿಸಿದ. "ನಿನಗ ನಂಬರ್ ಬ್ಯಾಡ, ಬೆರಳದ ಸಾಕು," ಎಂದ. ಚಿಕ್ಕವ್ವನಿಗೆ ಬರುವುದು ಬೇಡವೆಂದು ಹೇಳಿದ. ಮಾರ್ಗರೆಟಮ್ಮನ ಮಾನ ಉಳಿಯಿತು. ಅದಕ್ಕೆ ಕೊಟ್ಟದ್ದು ಏನೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಮರುದಿನ ಮಾಸ್ತರರು ಎಂದಿನಂತೆ ಕೈಯಿಟ್ಟು, ಅಂಕಿ ಹೇಳಿ, ಒತ್ತಿದರು. ಕೀಲಿಯ ದೀಪ ಕೆಂಪಗಾಯಿತು. ಹಲಗೆಯ ಮೇಲೆ ತಪ್ಪು ಬರೆದವರಂತೆ ಕಕ್ಕಾಬಿಕ್ಕಿಯಾಗಿ ಮತ್ತೆ ಒತ್ತಿದರು. ಆಮೇಲೆ ಬೇರೆ ವಾಕ್ಯಗಳ ಅಂಕಿಗಳು ಶುರುವಾದವು. ರವಿವಾರದ ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಕಲಿಸಿದ ವಾಕ್ಯಗಳು. ಅಧ್ಯಾಯ ಹೇಳುವರು, ವಚನ ಹೇಳುವರು, ಒತ್ತುವರು. ಹೆಚ್ಚು ಸಲ ತಪ್ಪಿದರೆ ಕೀಲಿ ಕೂಗಿ ಮುಷ್ಕರ ಹೂಡುತ್ತಿತ್ತು. ಮಾಸ್ತರರು ತಪ್ಪೊಪ್ಪಿಕೊಂಡವರಂತೆ ತಲೆತಗ್ಗಿಸಿ ಕಾಯುತ್ತಿದ್ದರು.

ವಾರಗಳು ಸರಿದಂತೆ ಅಧ್ಯಾಯ ಒಂದು ವಾಕ್ಯದ್ದು, ವಚನ ಇನ್ನೊಂದರದ್ದು ಆಗತೊಡಗಿತು. ಆಮೇಲೆ ಬರೀ ಅಂಕಿಗಳು. ಆಮೇಲೆ ಒಂದೇ ಅಂಕಿಯನ್ನು ಒತ್ತಿ ನಿಲ್ಲುವುದು. ಆಮೇಲೆ ಒತ್ತದೆ ಸುಮ್ಮನೆ ನಿಲ್ಲುವುದು. ಶ್ರಾವಣ ಮುಗಿಯುವ ಹೊತ್ತಿಗೆ ಅವರು ಬಾಗಿಲ ಬಳಿ ಹೋಗುವುದನ್ನೇ ಬಿಟ್ಟು, ಬೆಳಗಿನಿಂದ ಟೀವಿಯ ಮುಂದಿನ ಕುರ್ಚಿಯಲ್ಲಿ ಕೂರತೊಡಗಿದರು. ಟೀವಿ ಹಚ್ಚಿರದಿದ್ದರೂ ಕೂರುತ್ತಿದ್ದರು. "ಅಪ್ಪಗ ಈಗ ಆರಾಮ ಅದ," ಎಂದ ಜೇಮ್ಸ. ಮಾರ್ಗರೆಟಮ್ಮ ತಲೆಯಾಡಿಸಿದಳು.

ಒಂದು ಗುರುವಾರ ಅವಳು ಯಾರನ್ನೂ ಕೇಳದೆ ನಿರ್ಧಾರ ಮಾಡಿದಳು. ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಗೆ ತುಂಬಿದಳು. ಗಂಡನಿಗೆ ಸ್ನಾನ ಮಾಡಿಸಿ ಇಸ್ತ್ರಿಯ ಅಂಗಿ ಹಾಕಿಸಿ ತಲೆ ಬಾಚಿದಳು. ತಾನೂ ದೇವರ ಮಂದಿರಕ್ಕೆ ಉಡುವ ಸೀರೆ ಉಟ್ಟಳು.

"ಏಳ್ರಿ. ಡಾಬಕಾಕ್ಕ ಹೋಗೂಣು. ಇಬ್ರೂ ಹೋಗೂಣು."

ಬೆರಳಿಟ್ಟಳು. ಬಾಗಿಲು ತೆರೆಯಿತು. ಹೊರಗೆ ಮೆಟ್ಟಿಲಿನ ಮೇಲೆ ಬಿಸಿಲು ಬಿದ್ದಿತ್ತು. ಮಾಸ್ತರರು ಹೊಸ್ತಿಲ ಈಚೆ ನಿಂತರು.

"ಬರ್ರಿ, ಸಾಲಿ ಗಂಟಿ ಹೊಡೀಬೇಕು," ಎಂದಳು ಅವಳು ಕೈ ಚಾಚಿ.

ಅವರು ತೆರೆದ ಬಾಗಿಲನ್ನು ನೋಡಿದರು, ಅವಳನ್ನು ನೋಡಿದರು. ಕೈ ಹಿಂದಕ್ಕೆ ಕಟ್ಟಿಕೊಂಡರು.

"ಬ್ಯಾಡ್ರಿ ಬಾಯಿ," ಎಂದರು ಮೆಲ್ಲಗೆ, ಪರಿಚಯವಿಲ್ಲದ ಹೆಂಗಸಿಗೆ ಹೇಳುವಂತೆ. "ಮನಿಯವರು ಬೈತಾರ."

"ನಾನೇ ಮನಿಯಾಕಿ. ನಾನೇ ಕರೀಲಕತ್ತೀನಿ."

"ಬ್ಯಾಡ್ರಿ."

ತೋಳು ಹಿಡಿದು ಎಳೆದಳು. ಅವರು ನಡುಗಿದರು. ಬಿಟ್ಟಳು. ತೆರೆದ ಬಾಗಿಲಲ್ಲಿ ಇಬ್ಬರೂ ಹಾಗೆಯೇ ಬಹಳ ಹೊತ್ತು ನಿಂತರು. ಸಿದ್ದೇಶ್ವರಿ ಕಸದ ಬುಟ್ಟಿ ಹಿಡಿದು ಹೊರಬಂದು, "ಎಲ್ಲಿ ಹೊಂಟೀರಿ ಅಕ್ಕೋರೆ?" ಎಂದಳು.

"ಎಲ್ಲೂ ಇಲ್ಲ," ಎಂದಳು ಮಾರ್ಗರೆಟಮ್ಮ.

ಸಂಜೆ ಊಟದ ಹೊತ್ತಿಗೆ ಜೇಮ್ಸ ಫೋನು ನೋಡುತ್ತ ಹುಬ್ಬು ಗಂಟಿಕ್ಕಿದ. "ಅವ್ವಾ, ಮುಂಜಾನಿ ಕದಾ ಭಾಳೊತ್ತು ತೆಗದೇ ಇತ್ತಲ್ಲ. ಅಪ್ಪ ಹೊರಗ ಹೋಗಿದ್ನೇನು?"

"ಇಲ್ಲ. ಕರದೆ. ಬರ್ಲಿಲ್ಲ."

"ಕದಾ ತೆಗದಿದ್ರೂ ಹೋಗ್ಲಿಲ್ಲಾ?"

"ಹೋಗ್ಲಿಲ್ಲ."

ಜೇಮ್ಸ, ಶರೋನ ಮುಖ ಮುಖ ನೋಡಿಕೊಂಡರು. ಶರೋನಳ ಮುಖದ ಮೇಲೆ ಎಷ್ಟೋ ದಿನದ ಭಾರ ಇಳಿದಂತಾಯಿತು. "ಹಂಗಾದ್ರ ಒಳಗಿನ ಕೀಲಿ ತೆಗದುಬಿಡ್ರಿ. ಅತ್ತಿಗೂ ತ್ರಾಸ ತಪ್ತದ," ಎಂದಳು. ಜೇಮ್ಸ ಫೋನಿನಲ್ಲಿ ಎರಡು ಕಡೆ ಒತ್ತಿದ. ಬಾಗಿಲ ಬಳಿ ಸಣ್ಣಗೆ ಸದ್ದಾಯಿತು.

"ಆತು ನೋಡವ್ವಾ. ಇನ್ನ ಹಿಡಿಕಿ ತಿರುವಿದ್ರ ಸಾಕು. ಯಾರ ಬೇಕಾದ್ರೂ ತೆಗೀಬಹುದು."

ಮಾರ್ಗರೆಟಮ್ಮ ಗಂಡನ ಕಡೆ ನೋಡಿದಳು. ಮಾಸ್ತರರ ಊಟ ಆಗಲೇ ಮುಗಿದಿತ್ತು. ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು, ಏಳಲು ಯಾರಾದರೂ ಹೇಳಲಿ ಎಂದು ಕಾಯುತ್ತ ಕೂತಿದ್ದರು.

"ಏಳ್ರಿ," ಎಂದಳು ಅವಳು. "ಕೈ ತೊಳಕೋರಿ."

ಮಾಸ್ತರರು ಎದ್ದರು.